ಐಕ್ಯೂ ಟೆಸ್ಟ್ ಅಂದರೆ ಬರೀ ಅಂಕಿ ಅಲ್ಲ: ನಾನು ಮಕ್ಕಳನ್ನು ಪರೀಕ್ಷಿಸುವ ರೀತಿ

ನಾನು ಕ್ಲಿನಿಕಲ್ ಸೈಕಾಲಜಿಸ್ಟ್. ಹೆಚ್ಚಾಗಿ ನೋಡುವುದು ಮಕ್ಕಳನ್ನೇ. ಬರುವ ಅಪ್ಪ ಅಮ್ಮಂದಿರ ಕೈಯಲ್ಲಿ ಸಾಮಾನ್ಯವಾಗಿ ಒಂದು ಚೀಟಿ ಇರುತ್ತದೆ. ಅದರಲ್ಲಿ ಡಾಕ್ಟರೋ ಶಾಲೆಯವರೋ ‘ಐಕ್ಯೂ ಟೆಸ್ಟ್’ ಎಂದು ಬರೆದಿರುತ್ತಾರೆ. ರಕ್ತ ಪರೀಕ್ಷೆಯ ಹಾಗೆ ಬೇಗ ಮುಗಿಯುತ್ತದೆ, ಸಂಜೆಗೆ ರಿಪೋರ್ಟ್ ಸಿಗುತ್ತದೆ ಅಂತ ಬಂದಿರುತ್ತಾರೆ. ನಾನು ಮೊದಲು ಅವರನ್ನು ಕೂರಿಸಿ ಮಾತಾಡಿಸುತ್ತೇನೆ. ಟೆಸ್ಟ್ ಆಮೇಲೆ.

ಅರ್ಧ ಕೆಲಸ ಆ ಮಾತಿನಲ್ಲೇ ಆಗುತ್ತದೆ. ಹೆರಿಗೆ ಹೇಗಾಯ್ತು, ಹುಟ್ಟಿದ ತಕ್ಷಣ ಮಗು ಅತ್ತಿತಾ, ಕತ್ತು ಯಾವಾಗ ನಿಂತಿತು, ನಡೆದದ್ದು, ಮಾತು ಬಂದದ್ದು, ಫಿಟ್ಸ್ ಏನಾದರೂ ಬಂದಿತ್ತಾ. ‘ಎಷ್ಟು ತಿಂಗಳಿಗೆ ನಡೆದ?’ ಅಂತ ಕೇಳಿದರೆ ತಾಯಂದಿರು ತಡವರಿಸುತ್ತಾರೆ. ‘ಆ ವರ್ಷ ಯುಗಾದಿಗೆ ನಡೀತಿದ್ನಾ, ದೀಪಾವಳಿಗಾ?’ ಅಂತ ಕೇಳಿದರೆ ತಟ್ಟನೆ ಹೇಳುತ್ತಾರೆ. ಕಿವಿ, ಕಣ್ಣು ತೋರಿಸಿದ್ದೀರಾ ಅಂತಲೂ ಕೇಳುತ್ತೇನೆ. ಸರಿಯಾಗಿ ಕೇಳಿಸದ ಮಗು ಉತ್ತರ ಕೊಡದಿದ್ದರೆ ಅದು ಬುದ್ಧಿಯ ವಿಷಯವೇ ಅಲ್ಲ, ಅಲ್ವಾ? ಅನುಮಾನ ಇದ್ದರೆ ಮೊದಲು ಶ್ರವಣ ಪರೀಕ್ಷೆಗೆ ಕಳಿಸುತ್ತೇನೆ.

ಟೆಸ್ಟ್ ಅಂದರೆ ಏನು ಅನ್ನುವುದನ್ನೂ ಹೇಳಿಬಿಡುತ್ತೇನೆ. ಎಲ್ಲ ಮಕ್ಕಳಿಗೂ ಅದೇ ಪ್ರಶ್ನೆ, ಅದೇ ಮಾತಿನಲ್ಲಿ, ಅದೇ ಕ್ರಮದಲ್ಲಿ. ಬಂದ ಉತ್ತರಗಳನ್ನು ಅದೇ ವಯಸ್ಸಿನ ಬೇರೆ ಮಕ್ಕಳ ಜೊತೆ ಹೋಲಿಸುತ್ತೇವೆ. ಸರಾಸರಿ 100. ಮೂವರಲ್ಲಿ ಸುಮಾರು ಇಬ್ಬರು 85ರಿಂದ 115ರ ಒಳಗೆ ಬರುತ್ತಾರೆ. 70ಕ್ಕಿಂತ ಕಡಿಮೆ ಬಂದ ಮಾತ್ರಕ್ಕೆ ಬುದ್ಧಿಮಾಂದ್ಯ ಅಂತ ಬರೆಯುವ ಹಾಗಿಲ್ಲ. ದಿನದ ಬದುಕಿನ ಕೆಲಸಗಳಲ್ಲೂ ಮಗು ಹಿಂದೆ ಬಿದ್ದಿರಬೇಕು. ಈ ಎರಡನೆಯದನ್ನು ನೋಡದೆ ಕೊಟ್ಟ ರಿಪೋರ್ಟನ್ನು ನಾನು ಅರ್ಧ ರಿಪೋರ್ಟ್ ಅಂತಲೇ ತಿಳಿಯುತ್ತೇನೆ.

ಚಿಕ್ಕ ಮಕ್ಕಳಿಗೆ ನಾನು ಮೊದಲು ಮುಂದಿಡುವುದು ಸೆಗ್ವಿನ್ ಫಾರ್ಮ್ ಬೋರ್ಡ್. ಫ್ರಾನ್ಸಿನ ಎಡ್ವಾರ್ಡ್ ಸೆಗ್ವಿನ್ 19ನೇ ಶತಮಾನದಲ್ಲಿ ಹಿಂದುಳಿದ ಮಕ್ಕಳಿಗೆ ಕಲಿಸಲು ಬಳಸಿದ ಹಲಗೆ ಇದು. ಹತ್ತು ಗುಳಿ, ಹತ್ತು ಮರದ ತುಂಡು. ನಕ್ಷತ್ರ, ವೃತ್ತ, ಚೌಕ, ಪ್ಲಸ್ ಗುರುತು ಹೀಗೆ. ಮೂರು ಸಲ ಮಾಡಿಸಿ, ಕಡಿಮೆ ಸಮಯ ಹಿಡಿದ ಸಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ. ಮಾತು ಬೇಕಿಲ್ಲದ್ದರಿಂದ ಹೆದರಿ ಕೂತ ಮಗುವೂ ಕೈ ಚಾಚುತ್ತದೆ. ಸ್ಟಾಪ್‌ವಾಚ್ ನನ್ನ ಮಡಿಲಲ್ಲಿ, ಕಣ್ಣು ಮಗುವಿನ ಕೈಮೇಲೆ. ಒಂದು ಮಗು ನಕ್ಷತ್ರವನ್ನು ಕೈಯಲ್ಲಿ ಹಿಡಿದು ಒಮ್ಮೆ ನೋಡಿ ನೇರವಾಗಿ ಇಡುತ್ತದೆ. ಇನ್ನೊಂದು ಅದನ್ನು ವೃತ್ತದ ಗುಳಿಗೆ ಒತ್ತಿ ಒತ್ತಿ ನೋಡುತ್ತದೆ. ಮತ್ತೊಂದು ಮೊದಲ ಸಲ ತಡಕಾಡಿ, ಮೂರನೇ ಸಲ ಸಲೀಸಾಗಿ ಮುಗಿಸುತ್ತದೆ. ಕಲಿಯುವ ಶಕ್ತಿ ಕಣ್ಣೆದುರೇ ಕಾಣಿಸುತ್ತದೆ. ಸೆಕೆಂಡುಗಳ ಜೊತೆಗೆ ನಾನು ಇದನ್ನೂ ಬರೆದುಕೊಳ್ಳುತ್ತೇನೆ.

ಆ ಹೊತ್ತಿಗೆ ಹಿಂದೆ ಕೂತ ಅಮ್ಮನಿಗೆ ತಡೆಯಲಾಗುವುದಿಲ್ಲ. ‘ಅಲ್ಲಲ್ಲ ಪುಟ್ಟಾ, ಆ ಕಡೆ’ ಅಂದುಬಿಡುತ್ತಾರೆ. ಪಾಪ, ಅವರ ಸಂಕಟ ಅರ್ಥವಾಗುತ್ತದೆ. ಆದರೂ ಮಗು ಹೊಂದಿಕೊಂಡ ಮೇಲೆ ಅವರನ್ನು ಹೊರಗೆ ಕೂರಿಸುತ್ತೇನೆ. ನಾನೂ ‘ಸರಿ’, ‘ತಪ್ಪು’ ಅನ್ನುವುದಿಲ್ಲ. ‘ಚೆನ್ನಾಗಿ ಮಾಡ್ತಾ ಇದ್ದೀಯ’ ಅನ್ನಬಹುದು, ಅಷ್ಟೇ. ಅಂಕಿಗಳನ್ನು ಓದಿ ತಿರುಗಿ ಹೇಳಿಸುವಾಗ ಸೆಕೆಂಡಿಗೆ ಒಂದೇ ಅಂಕಿ. ಬೇಗ ಓದಿದರೆ ಒಂದು ಫಲಿತಾಂಶ, ನಿಧಾನಕ್ಕೆ ಓದಿದರೆ ಇನ್ನೊಂದು. ಪ್ರಶ್ನೆಗಳನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ಅಭ್ಯಾಸ ಮಾಡಿಸಿ ಕರೆತಂದರೆ ಆ ಟೆಸ್ಟ್ ಆ ಮಗುವಿನ ಮಟ್ಟಿಗೆ ಕೆಟ್ಟ ಹಾಗೆಯೇ.

ನಮ್ಮ ಕಡೆಯ ಕ್ಲಿನಿಕ್‌ಗಳಲ್ಲಿ ಬಿನೆ–ಕಾಮತ್ ಟೆಸ್ಟ್ ಚಿರಪರಿಚಿತ. ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಸಿಮೋನ್ 1905ರಲ್ಲಿ ಮೊದಲ ಬುದ್ಧಿಮಾಪನ ತಂದರು. ಶಾಲೆಯಲ್ಲಿ ಯಾವ ಮಗುವಿಗೆ ಹೆಚ್ಚು ಸಹಾಯ ಬೇಕು ಅಂತ ತಿಳಿಯುವುದು ಅವರ ಉದ್ದೇಶ. 1930ರ ದಶಕದಲ್ಲಿ ಧಾರವಾಡದ ವಿ. ವಿ. ಕಾಮತರು ಅದನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಹೊಂದಿಸಿದರು. ನಮ್ಮ ನೆಲದಲ್ಲೇ ಆದ ಈ ಕೆಲಸದ ಬಗ್ಗೆ ನನಗೆ ತುಂಬಾ ಅಭಿಮಾನ. ಆದರೆ ಹೋಲಿಕೆಗೆ ಇಟ್ಟ ಮಕ್ಕಳು ಆ ಕಾಲದವರು. ತಲೆಮಾರಿನಿಂದ ತಲೆಮಾರಿಗೆ ಮಕ್ಕಳ ಅಂಕ ಏರುತ್ತಾ ಬಂದಿರುವುದನ್ನು ಸಂಶೋಧಕ ಜೇಮ್ಸ್ ಫ್ಲಿನ್ 1980ರ ದಶಕದಲ್ಲಿ ಹಲವು ದೇಶಗಳ ಲೆಕ್ಕ ಇಟ್ಟು ತೋರಿಸಿದರು. ಹಳೇ ಅಳತೆಯಲ್ಲಿ ಇವತ್ತಿನ ಮಗುವನ್ನು ಅಳೆದರೆ ಅಂಕ ಜಾಸ್ತಿ ಬರುವ ಸಾಧ್ಯತೆ ಇದೆ. ಅದಕ್ಕೇ ಇದೊಂದನ್ನೇ ನಂಬಿ ನಾನು ಯಾವ ತೀರ್ಮಾನವನ್ನೂ ಬರೆಯುವುದಿಲ್ಲ.

ಭಾಷೆಯದು ಇನ್ನೂ ದೊಡ್ಡ ವಿಷಯ. ತಾಂಡಾದಿಂದ ಬಂದ ಮಗು ಮನೆಯಲ್ಲಿ ಲಂಬಾಣಿ ಮಾತಾಡುತ್ತದೆ. ಶಾಲೆಯ ಕನ್ನಡ ಈಗಷ್ಟೇ ಕಿವಿಗೆ ಬಿದ್ದಿರುತ್ತದೆ. ಅದಕ್ಕೆ ಕನ್ನಡದ ಪದಗಳ ಅರ್ಥ ಕೇಳಿದರೆ ನಾನು ಅಳೆದದ್ದು ಬುದ್ಧಿಯನ್ನಲ್ಲ, ಕನ್ನಡವನ್ನು. ಅಂಥ ಮಕ್ಕಳಿಗೆ ಚಿತ್ರದ ಮಾದರಿ ಪೂರ್ತಿ ಮಾಡಿಸುವ ರಾವೆನ್ಸ್, ಕೈಯಿಂದ ಮಾಡುವ ಬ್ಲಾಕ್ಸ್ ಹಿಡಿಯುತ್ತೇನೆ. ಸ್ವಲ್ಪ ದೊಡ್ಡವರಾದರೆ ಸಿ. ಎಂ. ಭಾಟಿಯಾ ಅವರ ಬ್ಯಾಟರಿ, ಅಂದರೆ ಕೆಲವು ಟೆಸ್ಟ್‌ಗಳ ಗುಂಪು. ಓದು ಬರಹ ಬಾರದವರಿಗೂ ಆಗುವಂತೆ ಮಾಡಿದ್ದು ಅದು.

ಇನ್ನು ದಿನದ ಬದುಕು. ಅದಕ್ಕೆ ವೈನ್‌ಲ್ಯಾಂಡ್ ಮಾಪಕ ಬಳಸುತ್ತೇನೆ. ಎಡ್ಗರ್ ಡಾಲ್ ಅಮೆರಿಕದಲ್ಲಿ ಮಾಡಿದ್ದನ್ನು ಎ. ಜೆ. ಮಾಲಿನ್ ಭಾರತಕ್ಕೆ ಹೊಂದಿಸಿದರು. ಇದರಲ್ಲಿ ಪ್ರಶ್ನೆ ಮನೆಯವರಿಗೆ. ಕೇಳುವುದು ಸುಲಭ ಅನ್ನಿಸಬಹುದು, ಅಲ್ಲ.

‘ಊಟ ತಾನೇ ಮಾಡ್ತಾನಾ ಅಮ್ಮಾ?’

‘ಮಾಡ್ತಾನೆ ಮೇಡಂ.’

‘ನಿನ್ನೆ ರಾತ್ರಿ ಯಾರು ತಿನ್ನಿಸಿದ್ರಿ?’

‘ನಾನೇ. ಅವ್ನಿಗೆ ಬಿಟ್ರೆ ಚೆಲ್ಲಾಡ್ತಾನೆ, ಹೊತ್ತಾಗುತ್ತೆ.’

ಮಗುವಿಗೆ ಬರುತ್ತದಾ ಅನ್ನುವುದು ಬೇರೆ, ದಿನಾ ಮಾಡುತ್ತದಾ ಅನ್ನುವುದು ಬೇರೆ. ನನಗೆ ಬೇಕಿರುವುದು ಎರಡನೆಯದು. ಇನ್ನು ಕೆಲವರು ಅಂಗವೈಕಲ್ಯದ ಸರ್ಟಿಫಿಕೇಟ್ ಸಿಗದಿದ್ದರೆ ಅನ್ನುವ ಆತಂಕಕ್ಕೆ ‘ಏನೂ ಬರಲ್ಲ’ ಅನ್ನುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮೀಸಲಾತಿಯಂಥ ಸೌಲಭ್ಯಕ್ಕೆ ಕನಿಷ್ಠ ಶೇ. 40 ಅಂಗವೈಕಲ್ಯ ಇರಬೇಕು ಅನ್ನುವ ಮಿತಿ ಇದೆ. ಆ ಮಿತಿ ಅವರ ಬದುಕಿಗೆ ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ಬೈಯುವುದಿಲ್ಲ. ಮಗುವಿನ ಕೈಗೆ ಚಪ್ಪಲಿ ಕೊಟ್ಟು ಹಾಕಿಕೋ ಅನ್ನುತ್ತೇನೆ, ಬಾಟಲಿ ಮುಚ್ಚಳ ತೆಗೆಸುತ್ತೇನೆ, ಟೀಚರ್ ಜೊತೆ ಫೋನಲ್ಲಿ ಮಾತಾಡುತ್ತೇನೆ.

ರಿಪೋರ್ಟ್ ಬರೆಯುವಾಗ ಒಂದೇ ಅಂಕಿ ಬರೆದು ಸುಮ್ನೆ ಬಿಡಬಾರದು. ಯಾವ ಅಳತೆಯಲ್ಲೂ ಸ್ವಲ್ಪ ಆಚೀಚೆ ಇದ್ದೇ ಇರುತ್ತದೆ. ಇವತ್ತು 68 ಬಂದ ಮಗುವಿಗೆ ಇನ್ನೊಂದು ದಿನ 72 ಬರಬಹುದು. ಹಾಗಾಗಿ ಇಷ್ಟರಿಂದ ಇಷ್ಟರ ಒಳಗೆ ಅಂತ ಬರೆಯುತ್ತೇನೆ, ಯಾವ ಭಾಷೆಯಲ್ಲಿ ಮಾಡಿದೆ, ಮಗು ಎಷ್ಟು ಸಹಕರಿಸಿತು ಅಂತಲೂ ಸೇರಿಸುತ್ತೇನೆ. ಮನೆಯವರಿಗೆ ಹೇಳುವಾಗ ಮಗುವಿಗೆ ಬರುವ ಕೆಲಸಗಳಿಂದ ಶುರು ಮಾಡುತ್ತೇನೆ. ಶಾಲೆಯಲ್ಲಿ ‘ದಡ್ಡ’ ಅನ್ನಿಸಿಕೊಂಡು ಬಂದ ಎಷ್ಟೋ ಮಕ್ಕಳ ಬುದ್ಧಿ ಸರಾಸರಿಯಲ್ಲೇ ಇರುತ್ತದೆ, ತೊಂದರೆ ಇರುವುದು ಓದು ಬರಹದಲ್ಲಿ ಮಾತ್ರ. ಅವರಿಗೆ ಕಲಿಕಾ ನ್ಯೂನತೆಯ ಪರೀಕ್ಷೆ ಬೇರೆಯೇ ಮಾಡಬೇಕು.

ಮಗುವನ್ನು ಕರೆತರುವವರಿಗೆ ಇಷ್ಟು. ಶಾಲೆಯ ನೋಟ್‌ಬುಕ್ ತನ್ನಿ, ಅದರಲ್ಲೇ ಎಷ್ಟೋ ವಿಷಯ ಸಿಗುತ್ತದೆ. ಕನ್ನಡಕ, ಹಿಯರಿಂಗ್ ಏಡ್ ಮರೆಯಬೇಡಿ. ಹಳೇ ರಿಪೋರ್ಟ್ ಇದ್ದರೆ ಮುಚ್ಚಿಡಬೇಡಿ, ಅದೇ ಟೆಸ್ಟ್ ಇತ್ತೀಚೆಗೆ ಆಗಿದ್ದರೆ ಬೇರೆಯದನ್ನು ಆರಿಸಬೇಕಾಗುತ್ತದೆ. ಹೊಟ್ಟೆ ತುಂಬಾ ತಿನ್ನಿಸಿ ಬೆಳಗ್ಗೆಯೇ ಬನ್ನಿ. ಜ್ವರ ಇದ್ದರೆ, ಹಿಂದಿನ ದಿನ ಫಿಟ್ಸ್ ಬಂದಿದ್ದರೆ ಬರಬೇಡಿ. ಒಂದು ಫೋನ್ ಮಾಡಿದರೆ ಸಾಕು, ಬೇರೆ ದಿನ ಕೊಡುತ್ತೇವೆ.