ಹೂಮಳೆ ಕೈಕೊಟ್ಟರೆ: ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಲೆಕ್ಕ

ಹಿಮ ಬೀಳದ ಚಳಿಗಾಲದಲ್ಲಿ ಆಲ್ಪ್ಸ್ ಬೆಟ್ಟದ ಸ್ಕೀ ರೆಸಾರ್ಟುಗಳು ಕೆರೆಯಲ್ಲಿ ಕೂಡಿಟ್ಟ ನೀರನ್ನು ಯಂತ್ರದಿಂದ ಚಿಮ್ಮಿಸಿ ಹಿಮ ಮಾಡಿಕೊಳ್ಳುತ್ತವೆ. ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ರೊಬಸ್ಟಾ ಕಾಫಿ ಬೆಳೆಗಾರರದೂ ಅದೇ ಪಾಡು. ಇಲ್ಲಿ ಮಾಡಿಕೊಳ್ಳಬೇಕಾದದ್ದು ಮಳೆ. ಫೆಬ್ರವರಿ–ಮಾರ್ಚ್‌ನ ಹೂಮಳೆಗೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಮಳೆಗೆ, ಆಕಾಶ ನೋಡುತ್ತಾ ಕೂತರೆ ಈಗ ಆಗುವುದಿಲ್ಲ. ಹಾಗೆಂದು ಪಂಪು, ಪೈಪು ತಂದ ಮಾತ್ರಕ್ಕೆ ಕಾಯಿ ಕಟ್ಟುವುದೂ ಇಲ್ಲ.

ಮೊದಲು ಕೆರೆಯ ಲೆಕ್ಕ. ಒಂದು ಎಕರೆಗೆ ಒಂದು ಇಂಚು, ಅಂದರೆ ತೋಟದವರ ಮಾತಿನಲ್ಲಿ 100 ಸೆಂಟ್ಸ್ ಮಳೆಗೆ, ಸುಮಾರು 1.03 ಲಕ್ಷ ಲೀಟರ್ ನೀರು ಬೇಕು. ಹೂವಿಗೆ ಒಂದೂವರೆ ಇಂಚು, 15–20 ದಿನ ಬಿಟ್ಟು ಕಟ್ಟಿದ ಕಾಯಿ ಉಳಿಸುವ ಎರಡನೇ ನೀರಾದ ಬ್ಯಾಕಿಂಗ್‌ಗೆ ಒಂದು ಇಂಚು. ಹತ್ತು ಎಕರೆಗೆ ಎರಡೂ ಸೇರಿ 25.7 ಲಕ್ಷ ಲೀಟರ್. ಇಂಗುವುದು, ಆವಿಯಾಗುವುದು, ತಳದ ಕೆಸರು ಎಂದು ಕಾಲು ಭಾಗ ಹೆಚ್ಚಿಗೆ ಹಿಡಿಯಿರಿ. ಕೆರೆ ಮೇಲ್ಗಡೆ 140 ಅಡಿ ಉದ್ದ, 100 ಅಡಿ ಅಗಲ, 10 ಅಡಿ ಆಳ, ಬದಿಗಳು ಒಂದಡಿ ಆಳಕ್ಕೆ ಒಂದಡಿ ಒಳಸರಿಯುವ ಇಳಿಜಾರಿನಲ್ಲಿದ್ದರೆ ಸುಮಾರು 33 ಲಕ್ಷ ಲೀಟರ್ ಹಿಡಿಯುತ್ತದೆ. ಹೊಳೆ ಪಕ್ಕದಲ್ಲೇ ಇದೆಯಲ್ಲ ಎಂದು ಕೆರೆ ಬಿಡಬೇಡಿ. ಬರದ ಬೇಸಿಗೆಯಲ್ಲಿ ಹೊಳೆಗೆ ಪಂಪು ಇಡಲು ಜಿಲ್ಲಾಡಳಿತ ತಡೆ ಹಾಕುವುದುಂಟು, ಅದೂ ನಮಗೆ ನೀರು ಬೇಕಾದ ಹೊತ್ತಿಗೇ.

ಆಮೇಲೆ ಜೆಟ್, ಅಂದರೆ ಸುತ್ತುತ್ತಾ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ತಲೆ. ಗಂಟೆಗೆ 1800 ಲೀಟರ್ ಹಾಯಿಸುವ ಜೆಟ್‌ಗಳನ್ನು 12 ಮೀಟರ್ ಚೌಕದಲ್ಲಿ ನಿಲ್ಲಿಸಿದರೆ ಗಂಟೆಗೆ 12.5 ಮಿಲಿಮೀಟರ್ ಬೀಳುತ್ತದೆ. ಒಂದೂವರೆ ಇಂಚಿಗೆ, ಅಂದರೆ 38 ಮಿಲಿಮೀಟರಿಗೆ, ಮೂರು ಗಂಟೆ. ಹತ್ತು ಜೆಟ್ ಒಟ್ಟಿಗೆ ಓಡಿದರೆ ಒಂದು ಪಾಳಿಯಲ್ಲಿ ಮುಗಿಯುವುದು ಸುಮಾರು 36 ಸೆಂಟು ಜಾಗ (ಇದು ಮಳೆಯ ಸೆಂಟ್ಸ್ ಅಲ್ಲ, ಎಕರೆಯ ನೂರನೇ ಭಾಗ). ಹತ್ತು ಎಕರೆಗೆ 28 ಪಾಳಿ. ದಿನಕ್ಕೆ ನಾಲ್ಕರಂತೆ ಏಳು ದಿನ. ಮೂರು ಫೇಸ್ ಕರೆಂಟು ದಿನಕ್ಕೆ ಏಳೆಂಟು ಗಂಟೆಯಷ್ಟೇ ಸಿಗುವ ಕಡೆ ಎರಡು ಪಾಳಿಗಿಂತ ಹೆಚ್ಚು ಸಾಗದು, ಡೀಸೆಲ್ ಪಂಪು ಜೊತೆಗಿರಬೇಕು. ಈ ಹತ್ತು ಜೆಟ್‌ಗೆ ಸೆಕೆಂಡಿಗೆ 5 ಲೀಟರ್ ಬೇಕು. ಜೆಟ್ ಒತ್ತಡ, ಏರು, ಪೈಪಿನ ಘರ್ಷಣೆ ಕೂಡಿ ಪಂಪು ನೀರೆತ್ತಬೇಕಾದ ಒಟ್ಟು ಎತ್ತರ (ಹೆಡ್) 60 ಮೀಟರ್ ಆದರೆ ಏಳೂವರೆ ಎಚ್‌ಪಿ ಮೋಟಾರು.

ಏರು 10 ಮೀಟರ್ ಹೆಚ್ಚಿದರೆ ಒಂದು ಕೆಜಿ ಒತ್ತಡ ಕಳೆಯಿತೆಂದು ತಿಳಿಯಿರಿ. ಅದಕ್ಕೇ ಮುಖ್ಯ ಪೈಪನ್ನು ಏರಿನುದ್ದಕ್ಕೆ, ಜೆಟ್ ಸಾಲುಗಳನ್ನು ಇಳಿಜಾರಿಗೆ ಅಡ್ಡವಾಗಿ ಎಳೆಯಬೇಕು. ಒತ್ತಡದ ಗೇಜನ್ನು ಪಂಪಿನ ಬಳಿ ನೋಡಿ ಸುಮ್ಮನಾಗುವವರೇ ಹೆಚ್ಚು. ನೋಡಬೇಕಾದದ್ದು ಕೊನೆಯ ಜೆಟ್‌ನಲ್ಲಿ. ಒತ್ತಡ ಕಡಿಮೆಯಾದರೆ ನೀರು ದಪ್ಪ ಹನಿಯಾಗಿ ಬಳೆಯಾಕಾರದಲ್ಲಿ ಬಿದ್ದು ನಡುವೆ ಒಣ ಉಳಿಯುತ್ತದೆ, ಹೆಚ್ಚಾದರೆ ಮಂಜಾಗಿ ಗಾಳಿಯಲ್ಲಿ ಹೋಗುತ್ತದೆ. ಫುಟ್‌ವಾಲ್ವ್ (ಪಂಪಿನ ಹೀರು ಪೈಪಿನ ತುದಿಯ ಕವಾಟ) ಕೆರೆಯ ತಳದಿಂದ ಎರಡಡಿ ಮೇಲಿರಲಿ. ಪಾಚಿ, ಕೆಸರು ಸೇರಿದರೆ ಜೆಟ್ ಕಟ್ಟುತ್ತದೆ. ಮೊದಲ ಪಾಳಿಯಲ್ಲಿ ನೇರ ಬದಿಯ ಎಂಟ್ಹತ್ತು ಡಬ್ಬಿಗಳನ್ನು ಗಿಡದ ಎಲೆ ಮರೆಯಾಗದ ಜಾಗಗಳಲ್ಲಿಟ್ಟು ಸ್ಕೇಲಿನಲ್ಲಿ ಅಳೆಯಿರಿ. ಅತಿ ಕಡಿಮೆ ಬಿದ್ದ ಡಬ್ಬಿಯೇ ನಿಜ ಹೇಳುವುದು.

ಯಾವಾಗ ಬಿಡಬೇಕು ಎನ್ನುವಲ್ಲೇ ಹೆಚ್ಚು ಜನ ಎಡವುವುದು. ಮೊಗ್ಗು ಬಲಿಯಲು ಒಣಹವೆ ಬೇಕು. ಕೊಯ್ಲು ಮುಗಿದ ಮರುದಿನವೇ ನೀರು ಬಿಟ್ಟರೆ ಒಂದೇ ಗಿಡದಲ್ಲಿ ಮೂರು ಸಲ ಹೂವಾಗಿ, ಮುಂದೆ ಹಣ್ಣು ಕೊಯ್ಯಲೂ ಮೂರು ಸುತ್ತು ಕೂಲಿ. ಅರೆಬರೆ ನೀರಂತೂ ಬೇಡವೇ ಬೇಡ: ಮೊಗ್ಗು ಎಚ್ಚರಗೊಂಡರೂ ಪೂರ್ತಿ ಬಿರಿಯದೆ ಹಸಿರು ಮಿಶ್ರಿತ ನಸುಗೆಂಪು ನಕ್ಷತ್ರದಂತೆ ನಿಂತು ಉದುರುತ್ತದೆ. 40 ಸೆಂಟ್ಸ್ ಮಳೆ ತಾನಾಗಿ ಬಿದ್ದಿತೋ, ಮರುದಿನವೇ ಪಂಪು ಹಚ್ಚಿ ಉಳಿದ 110 ತುಂಬಿಸಿ.

ನೀರು ಕೊಟ್ಟ ಏಳೆಂಟು ದಿನಕ್ಕೆ ಹೂ ಅರಳುತ್ತದೆ. ರೊಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಗಾಳಿ, ಹೆಜ್ಜೇನು, ತುಡುವೆ ಓಡಾಡಬೇಕು. ಅರಳಿದ ಭಾಗದ ಮೇಲೆ ಪಕ್ಕದ ಬ್ಲಾಕಿನ ಜೆಟ್ ಕೂಡ ಬೀಳಬಾರದು, ಕೀಟನಾಶಕದ ಮಾತೇ ಬೇಡ. ಹಾಗಾಗಿ ತೋಟದಲ್ಲಿ ಚೂರುಚೂರಾಗಿ ಅಲ್ಲಲ್ಲಿ ಬಿಡುವ ಬದಲು ಒಂದು ಅಂಚಿನಿಂದ ಒತ್ತೊತ್ತಾಗಿ ಬಿಡುತ್ತಾ ಹೋಗಿ. ಗಾಳಿಯಿಲ್ಲದ ರಾತ್ರಿ, ಬೆಳಗಿನ ಜಾವ ನೀರು ಉಳಿಯುವುದು ನಿಜ. ಕೊಡಗಿನಲ್ಲಿ ಅದೇ ಹೊತ್ತಿಗೆ ಆನೆಗಳೂ ಕೆರೆಗೆ ಬರುತ್ತವೆ. ಪೈಪು ಬದಲಿಸಲು ಕತ್ತಲಲ್ಲಿ ಒಬ್ಬರನ್ನೇ ಕಳಿಸಬೇಡಿ.

ಬ್ಯಾಕಿಂಗ್ ನೀರನ್ನು ತಪ್ಪಿಸಿದರೆ ಕಟ್ಟಿದ ಕಾಯಿ ಬಿಸಿಲಿಗೆ ಒಣಗಿ ಉದುರುತ್ತದೆ. ಕೆರೆಯಲ್ಲಿ ಎರಡೂ ಸಲಕ್ಕೆ ಸಾಲುವಷ್ಟು ನೀರಿಲ್ಲವೆಂದು ಮೊದಲೇ ಗೊತ್ತಾದರೆ ಐದೇ ಎಕರೆಗೆ ಎರಡೂ ಸಲ ಪೂರ್ತಿ ಕೊಡಿ. ಬೇಸಿಗೆಗೆ ಮುಂಚೆ ಮರಗಸಿ ಮಾಡಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿದು, ನೆರಳು ಬಯಲಾಗಿಸಿದ ತೋಟಕ್ಕೆ ಇಷ್ಟು ನೀರೂ ಸಾಲದು.

ಜನವರಿಯಲ್ಲೇ, ಹಣ್ಣು ಗಿಡದಲ್ಲಿರುವಾಗಲೇ, ಮಳೆ ಸುರಿದರೆ, ನಿಂತ ಕೂಡಲೇ ಮಳೆ ಮಾಪಕ ನೋಡಿ. ನೂರು ಸೆಂಟ್ಸ್ ದಾಟಿತೆಂದರೆ ಹೂ ಬಂದೇ ಬರುತ್ತದೆ. ಅರಳುವ ಮೊದಲಿನ ಐದಾರು ದಿನದಲ್ಲಿ ಸಿಕ್ಕಷ್ಟು ಹಣ್ಣು ಕೊಯ್ದು, ಹೂ ಬಾಡುವ ತನಕ ಆ ಬ್ಲಾಕಿಗೆ ಆಳು ಇಳಿಸಬೇಡಿ, ಬ್ಯಾಕಿಂಗ್ ಲೆಕ್ಕವನ್ನು ಆ ಮಳೆಯ ದಿನದಿಂದಲೇ ಶುರುಮಾಡಿ.