ಸೆಲ್ಫ್ ‘ಟಿಕ್’ ಎಂದ ಮಾತ್ರಕ್ಕೆ ಬ್ಯಾಟರಿ ಹೋದಂತಲ್ಲ

ಬೈಕಿನ ಸೆಲ್ಫ್ ಹಿಡಿಯದಿದ್ದರೆ ನಮ್ಮ ಆಲ್ದೂರು ಕಡೆ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: ಬ್ಯಾಟರಿ ಹೋಗಿದೆ, ಬದಲಿಸಿ. ಮಲೆನಾಡಿನ ಗಾಡಿಗಳ ಮಟ್ಟಿಗೆ ಇದು ಅವಸರದ ತೀರ್ಪು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲಿ ನೆನೆದು, ತೋಟದ ದಾರಿಯ ಕೆಸರು ಮೆತ್ತಿಕೊಂಡ ಬೈಕಿನಲ್ಲಿ ಎಷ್ಟೋ ಸಲ ಬ್ಯಾಟರಿಗಿಂತ ಮೊದಲು ಕೆಡುವುದು ವೈರುಗಳು ಕೂಡುವ ಜಾಗ. ನಾನು ಮೆಕ್ಯಾನಿಕ್ ಅಲ್ಲ, ಕಾಫಿ ತೋಟವೊಂದರಲ್ಲಿ ಲೆಕ್ಕಪತ್ರ ನೋಡುವ ರೈಟರ್. ಪಂಪ್‌ಸೆಟ್ಟಿನ ತಕರಾರು ನೋಡಲೆಂದು ಕೊಂಡಿದ್ದ, ವೋಲ್ಟೇಜ್, ಕರೆಂಟ್ ಅಳೆಯುವ ಮಲ್ಟಿಮೀಟರ್ ಕೈಯಲ್ಲಿತ್ತು, ಅದನ್ನೇ ಬೈಕಿಗೂ ಹಿಡಿದೆ.

ಗಾಡಿ ನನ್ನದೇ, 150 ಸಿಸಿಯದು, ಕಿಕ್ಕರ್ ಕೂಡ ಇದೆ. ಕಾಫಿ ಕೊಯ್ಲಿನ ಸಮಯ, ಬೆಳಗಿನ ಚಳಿ. ಸೆಲ್ಫ್ ಒತ್ತಿದರೆ ಸೀಟಿನಡಿಯಿಂದ ‘ಟಿಕ್’ ಎಂಬ ಸದ್ದು, ಮೋಟಾರಿನಿಂದ ಒಂದು ನರಳಾಟ, ಅಷ್ಟೆ. ಕಿಕ್ ಹೊಡೆದರೆ ಮಾತ್ರ ಸಲೀಸಾಗಿ ಸ್ಟಾರ್ಟ್ ಆಗುತ್ತಿತ್ತು. ಎಂದರೆ ಪೆಟ್ರೋಲ್, ಪ್ಲಗ್, ಚೋಕ್ ಇವುಗಳ ಮೇಲೆ ಗುಮಾನಿ ಪಡುವ ಅಗತ್ಯವಿರಲಿಲ್ಲ.

ಮೀಟರ್ ಹಿಡಿಯುವ ಮೊದಲು ಕಿವಿಗೆ ಕೆಲಸ ಕೊಡಬೇಕು. ‘ಟಿಕ್ ಟಿಕ್ ಟಿಕ್’ ಎಂದು ಒಂದೇ ಸಮನೆ ಬಡಿದುಕೊಂಡರೆ ಸಾಮಾನ್ಯವಾಗಿ ಬ್ಯಾಟರಿಯಲ್ಲಿ ಚಾರ್ಜ್ ಇಲ್ಲ: ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್ಚಾದ ರಿಲೇ ಕೂಡಿದೊಡನೆ ವೋಲ್ಟೇಜ್ ಕುಸಿಯುತ್ತದೆ, ರಿಲೇ ಬಿಡುತ್ತದೆ, ವೋಲ್ಟೇಜ್ ಚೇತರಿಸಿಕೊಂಡು ಮತ್ತೆ ಕೂಡುತ್ತದೆ. ದೀಪ, ಹಾರ್ನ್ ಎಲ್ಲ ಸರಿಯಿದ್ದು ಸೆಲ್ಫಿಗೆ ಸದ್ದೇ ಇಲ್ಲದಿದ್ದರೆ ಮೊದಲು ಕಿಲ್ ಸ್ವಿಚ್ ನೋಡಿ, ಬಳಿಕ ಕ್ಲಚ್ ಸ್ವಿಚ್, ಸೈಡ್ ಸ್ಟ್ಯಾಂಡ್ ಸ್ವಿಚ್. ಮೋಟಾರ್ ಗಿರಗಿರನೆ ತಿರುಗಿಯೂ ಎಂಜಿನ್ ಹತ್ತದಿದ್ದರೆ ಬ್ಯಾಟರಿಯನ್ನು ಬೈಯಬೇಡಿ. ಒಂದೇ ಒಂದು ‘ಟಿಕ್’ ಬಂದರೆ ಮಾತ್ರ ಕಿವಿಯಿಂದ ಇತ್ಯರ್ಥವಾಗುವುದಿಲ್ಲ. ಅದು ಬ್ಯಾಟರಿ, ರಿಲೇ, ವೈರು, ಮೋಟಾರಿನ ಕಾರ್ಬನ್ ಬ್ರಷ್, ಯಾವುದೂ ಆಗಿರಬಹುದು.

ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ಟರ್ಮಿನಲ್‌ಗಳಿಗೆ ಮೀಟರ್ ಹಿಡಿದೆ. 12.5 ವೋಲ್ಟ್. ತುಂಬು ಚಾರ್ಜಿನ ಬ್ಯಾಟರಿ 12.6ರಿಂದ 12.8 ತೋರಿಸಬೇಕು, 12.2ಕ್ಕೆ ಬಂದರೆ ಅರ್ಧ ಖಾಲಿ, 12ಕ್ಕಿಂತ ಕೆಳಗೆ ಇಳಿದರೆ ತಳ ಕಂಡಂತೆ. ಹಾಗಾಗಿ ನನ್ನದು ಪರವಾಗಿಲ್ಲ ಎನ್ನಬಹುದಾದ ಸ್ಥಿತಿ. ಅಂಗಡಿಯಲ್ಲಿ ಈ ಒಂದು ಅಂಕಿ ನೋಡಿ ಬ್ಯಾಟರಿ ಚೆನ್ನಾಗಿದೆ ಅಥವಾ ಕೆಟ್ಟಿದೆ ಎಂದು ಹೇಳಿಬಿಡುವವರಿದ್ದಾರೆ. ಅದು ಸಾಲದು. ಸುಮ್ಮನೆ ನಿಂತಾಗ 12.6 ತೋರಿಸಿ, ಸೆಲ್ಫ್ ಒತ್ತಿದೊಡನೆ 7ಕ್ಕೆ ಬೀಳುವ ಬ್ಯಾಟರಿಗಳುಂಟು. ಭಾರ ಬಿದ್ದಾಗ ಎಷ್ಟು ನಿಲ್ಲುತ್ತದೆ ಎಂಬುದೇ ನಿಜವಾದ ಪರೀಕ್ಷೆ.

ಮಗನನ್ನು ಕರೆದು, “ನಾನು ಹೇಳಿದಾಗ ಸೆಲ್ಫ್ ಒತ್ತಪ್ಪ, ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡ” ಎಂದೆ. ಒತ್ತಿದಾಗ ಬ್ಯಾಟರಿ 11.4ರಲ್ಲಿ ನಿಂತಿತು. ಸೋತ ಬ್ಯಾಟರಿಯಾಗಿದ್ದರೆ 9.5ಕ್ಕಿಂತ ಕೆಳಗೆ ಜಾರುತ್ತಿತ್ತು. ಬ್ಯಾಟರಿ ಗಟ್ಟಿಯಾಗಿ ನಿಂತಿದೆ, ಮೋಟಾರ್ ಮಾತ್ರ ನರಳುತ್ತಿದೆ ಎಂದರೆ ಕರೆಂಟ್ ದಾರಿಯಲ್ಲೆಲ್ಲೋ ತಡೆಯುತ್ತಿದೆ.

ಇಲ್ಲಿಂದ ಮುಂದಿನ ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದನ್ನು ಸ್ಟಾರ್ಟರ್ ಮೋಟಾರಿನ ಬೋಲ್ಟಿಗೆ ಹಿಡಿದು ಸೆಲ್ಫ್ ಒತ್ತಿಸಿದೆ. ಹೀಗೆ ಹಿಡಿದಾಗ ಬರುವ ಅಂಕಿ ಆ ದಾರಿಯಲ್ಲಿ ಕಳೆದುಹೋಗುತ್ತಿರುವ ವೋಲ್ಟೇಜ್, ಅದು ಕಡಿಮೆ ಇದ್ದಷ್ಟೂ ಒಳ್ಳೆಯದು. ಬಂದದ್ದು ಅರ್ಧ ವೋಲ್ಟಿಗಿಂತ ಕಡಿಮೆ. ನಡುವೆ ಇರುವ ರಿಲೇ ಸರಿಯಾಗಿದೆ ಎಂದಾಯಿತು. ಆಮೇಲೆ ಬ್ಯಾಟರಿಯ ಮೈನಸ್‌ಗೂ ಎಂಜಿನ್ನಿನ ಬರಿಯ ಲೋಹಕ್ಕೂ ಹಿಡಿದು ಒತ್ತಿಸಿದೆ. ಅಲ್ಲಿ 0.2ರ ಆಸುಪಾಸು ಇರಬೇಕಾದದ್ದು 4 ವೋಲ್ಟ್ ದಾಟಿತು. ಮೋಟಾರಿಗೆ ಸಲ್ಲಬೇಕಾದ ವೋಲ್ಟೇಜಿನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ಬ್ಯಾಟರಿಯ ಮೈನಸ್ಸನ್ನು ಎಂಜಿನ್ನಿಗೆ ಕೂಡಿಸುವ ಅರ್ಥಿಂಗ್ ವೈರೇ ನುಂಗುತ್ತಿತ್ತು.

ಆ ವೈರು ಎಂಜಿನ್ನಿನ ಹಿಂಬದಿಯಲ್ಲಿ, ಹಿಂದಿನ ಚಕ್ರದ ಕೆಸರು ನೇರವಾಗಿ ಹಾರುವ ಜಾಗದಲ್ಲಿ ಕೂತಿದೆ. ವಿನ್ಯಾಸ ಮಾಡಿದವರು ಚಾರ್ಮಾಡಿ ಘಾಟಿಯ ಮಳೆ ಕಂಡವರಲ್ಲ ಎಂದು ತೋರುತ್ತದೆ. ಒಣಗಿದ ಮಣ್ಣನ್ನು ಕೆರೆದು 10ರ ಸ್ಪ್ಯಾನರಿನಿಂದ ಬೋಲ್ಟ್ ಬಿಚ್ಚಿದೆ. ವೈರಿನ ತುದಿಯ ತಾಮ್ರದ ಉಂಗುರ ಹಸಿರುಗಟ್ಟಿತ್ತು, ಅದು ಕೂರುವ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಎದ್ದಿತ್ತು. ಎರಡನ್ನೂ ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲಿನಿಂದ ಪೆಟ್ರೋಲಿಯಂ ಜೆಲ್ಲಿ ಬಳಿದೆ. ಮತ್ತೆ ಅಳೆದಾಗ 0.15. ಸೆಲ್ಫ್ ಒಂದೇ ಒತ್ತಿಗೆ ಹಿಡಿಯಿತು.

ಇಂಥ ಕೆಲಸಕ್ಕೆ ಕೈಹಾಕುವಾಗ ಬ್ಯಾಟರಿಯ ಮೈನಸ್ ವೈರನ್ನು ಮೊದಲು ಬಿಚ್ಚಿ, ಹಾಕುವಾಗ ಕೊನೆಗೆ ಹಾಕಿ. ಮೈನಸ್ ಕೂಡಿಕೊಂಡೇ ಇರುವಾಗ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಚಾಸಿಗೆ ತಗುಲಿದರೆ ಕಿಡಿ ಹಾರುತ್ತದೆ.

ಗಾಡಿ ಸ್ಟಾರ್ಟ್ ಆದ ಮೇಲೆ ಚಾರ್ಜಿಂಗನ್ನೂ ನೋಡಿದೆ. ಸ್ವಲ್ಪ ಆಕ್ಸಿಲರೇಟರ್ ಕೊಟ್ಟಾಗ ಬ್ಯಾಟರಿಯ ಮೇಲೆ 13.5ರಿಂದ 14.5 ವೋಲ್ಟ್ ಬರಬೇಕು, ನನ್ನದರಲ್ಲಿ 14.1 ಇತ್ತು. 13ನ್ನೇ ದಾಟದಿದ್ದರೆ ಚಾರ್ಜಿಂಗ್ ವೋಲ್ಟೇಜನ್ನು ಹದದಲ್ಲಿಡುವ ಆರ್‌ಆರ್ ಯೂನಿಟ್ (ರೆಗ್ಯುಲೇಟರ್-ರೆಕ್ಟಿಫೈಯರ್) ಅಥವಾ ಎಂಜಿನ್ನಿನಲ್ಲಿ ಕರೆಂಟ್ ಹುಟ್ಟಿಸುವ ಕಾಯಿಲ್ ನೋಡಿಸಬೇಕು. 15 ದಾಟಿದರೆ ಹೊಸ ಬ್ಯಾಟರಿಯೂ ಕುದ್ದು ಸಾಯುತ್ತದೆ. ಬ್ಯಾಟರಿ ಮೇಲೆ ಬ್ಯಾಟರಿ ಬದಲಿಸುತ್ತಿರುವವರು ಇದನ್ನೊಮ್ಮೆ ಅಳೆದು ನೋಡಲಿ.

ಪಕ್ಕದ ತೋಟದ ಹುಡುಗನ ಗಾಡಿಯದು ಬೇರೆ ಕಥೆ. ನಾಲ್ಕೈದು ದಿನ ನಿಂತರೆ ಸಾಕು, ಡೌನ್. ಬೀಗದ ಕೈ ತೆಗೆದು, ಮೈನಸ್ ವೈರು ಬಿಚ್ಚಿ, ಆ ವೈರಿಗೂ ಬ್ಯಾಟರಿಯ ಮೈನಸ್‌ಗೂ ನಡುವೆ ಮೀಟರನ್ನು ಆಂಪಿಯರ್ ಅಳತೆಗೆ ಇಟ್ಟು ನೋಡಿದೆ. (ಮೀಟರ್ ಹೀಗಿರುವಾಗ ಸೆಲ್ಫ್ ಒತ್ತಿದರೆ ಅದರ ಫ್ಯೂಸ್ ಹೋಗುತ್ತದೆ.) ಒಂದೆರಡು ಮಿಲಿಆಂಪಿಯರ್ ಇದ್ದರೆ ಸಹಜ, ಅಲ್ಲಿ 40 ಇತ್ತು. 4 ಆಂಪಿಯರ್ ಅವರ್‌ನ ಬ್ಯಾಟರಿ ಆ ಲೆಕ್ಕದಲ್ಲಿ 100 ಗಂಟೆಯಲ್ಲಿ ಬರಿದು. ಹೊರಗಿನಿಂದ ಹಾಕಿಸಿದ್ದ ಜಿಪಿಎಸ್ ಪೆಟ್ಟಿಗೆಯ ವೈರು ಕಳಚಿದೊಡನೆ ಅಂಕಿ ಇಳಿಯಿತು. ಅವನದು ಕಿಕ್ಕರ್ ಇಲ್ಲದ ಫ್ಯುಯಲ್ ಇಂಜೆಕ್ಷನ್ ಗಾಡಿ. ಬ್ಯಾಟರಿ ಪೂರ್ತಿ ಸತ್ತರೆ ಪೆಟ್ರೋಲ್ ಪಂಪೇ ಓಡದ ಕಾರಣ ತಳ್ಳಿದರೂ ಸ್ಟಾರ್ಟ್ ಆಗುವುದು ಅನುಮಾನ. ಜಿಪಿಎಸ್ ಬೇಕೇ ಬೇಕು ಎಂದ. ಹಾಗಾದರೆ ಅದರ ವೈರಿಗೆ ಪ್ರತ್ಯೇಕ ಸ್ವಿಚ್ ಹಾಕಿಸಿಕೋ, ಗಾಡಿ ಶೆಡ್ಡಿನಲ್ಲಿ ನಿಲ್ಲುವ ದಿನಗಳಲ್ಲಿ ಆಫ್ ಮಾಡು ಎಂದು ಹೇಳಿ ಕಳುಹಿಸಿದೆ.