ಬೆಳಕು ಮೊದಲು, ಬಣ್ಣ ಆಮೇಲೆ: ಒಳಾಂಗಣದ ಚಿತ್ರಪುಟಕ್ಕೆ ಬಣ್ಣ ತುಂಬುವ ಬಗೆ

ದೊಡ್ಡವರಿಗೆಂದೇ ಬರುವ ಬಣ್ಣ ತುಂಬುವ ಪುಸ್ತಕಗಳಲ್ಲಿ ಮಂಡಲ, ಹೂಬಳ್ಳಿ, ನವಿಲುಗಳ ಜೊತೆಗೆ ಈಗ ಮನೆಯ ಒಳಾಂಗಣವೂ ಸೇರಿಕೊಂಡಿದೆ. ಪುಟ ತಿರುವಿದರೆ ಒಂದು ಪಡಸಾಲೆ, ಒಂದು ಅಡುಗೆಮನೆ, ಕಿಟಕಿಯ ಪಕ್ಕದ ಓದುವ ಮೂಲೆ, ಕುಂಡದಲ್ಲೊಂದು ಗಿಡ, ಎಲ್ಲವೂ ಬರೀ ಕಪ್ಪು ಗೆರೆಯಲ್ಲಿ. ಮಂಡಲಕ್ಕೆ ಬಣ್ಣ ತುಂಬಿ ಪಳಗಿದವರು ಇದೇನು ಮಹಾ ಎಂದುಕೊಂಡು ಕೂತರೆ ಅರ್ಧ ಗಂಟೆಯೊಳಗೆ ತೊಡಕಿಗೆ ಸಿಕ್ಕಿಕೊಳ್ಳುತ್ತಾರೆ. ಮಂಡಲದ ದಳ ನೀಲಿಯಾದರೂ ನಡೆಯುತ್ತದೆ, ಕೆಂಪಾದರೂ ನಡೆಯುತ್ತದೆ. ಆದರೆ ಮೇಜು ಮರದಂತೆಯೇ ಕಾಣಬೇಕು, ಗಾಜು ಗಾಜಿನಂತೆ ಕಾಣಬೇಕು, ನೆಲ ಕಾಲಿಡಬಹುದಾದ ನೆಲದಂತಿರಬೇಕು. ಹುಟ್ಟಿದಂದಿನಿಂದ ಕೋಣೆಗಳನ್ನೇ ನೋಡುತ್ತ ಬಂದಿರುವ ನಮ್ಮ ಕಣ್ಣು ಇಲ್ಲಿ ತಪ್ಪನ್ನು ಬೇಗ ಹಿಡಿಯುತ್ತದೆ. ಸಾಲದ್ದಕ್ಕೆ, ಮಂಡಲದಲ್ಲಿ ಎಲ್ಲವೂ ಪುಟ್ಟ ಪುಟ್ಟ ಖಾನೆಗಳಾದರೆ, ಕೋಣೆಯ ಚಿತ್ರದಲ್ಲಿ ಅರ್ಧ ಪುಟ ಬರೀ ಗೋಡೆ. ಹೆಚ್ಚಿನವರು ಸೋಲುವುದು ಆ ಖಾಲಿ ಗೋಡೆಯ ಎದುರಿಗೇ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದೇ ಪುಟವನ್ನು ಎದುರಿಗಿಟ್ಟುಕೊಳ್ಳೋಣ. ಅದು ತೊಟ್ಟಿಮನೆಯೊಂದರ ಒಳಜಗಲಿಯ ಚಿತ್ರ: ಎಡಕ್ಕೆ ಆಕಾಶಕ್ಕೆ ತೆರೆದ ತೊಟ್ಟಿ, ಅದರ ಅಂಚಿಗೆ ಎರಡು ಮರದ ಕಂಬಗಳು, ನುಣ್ಣನೆಯ ರೆಡ್ ಆಕ್ಸೈಡ್ ನೆಲ, ಗೋಡೆಗೆ ಒರಗಿಸಿಟ್ಟ ಬೆಂಚು, ಅದರ ಮೇಲೊಂದು ಜಮಖಾನೆ, ಮೂಲೆಯಲ್ಲಿ ಹಿತ್ತಾಳೆಯ ಕಾಲುದೀಪ.

ಕಾಗದ ಮತ್ತು ಪೆನ್ಸಿಲ್

ಪುಸ್ತಕ ಕೊಳ್ಳುವಾಗ ಚಿತ್ರಕ್ಕಿಂತ ಮೊದಲು ಕಾಗದವನ್ನು ನೋಡಬೇಕು. ಸಾಮಾನ್ಯ ಪ್ರಿಂಟರ್ ಹಾಳೆಯ ತೂಕ 70ರಿಂದ 80 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಹಾಳೆಗೆ ಅಷ್ಟು ಗ್ರಾಂ. ಅಷ್ಟು ತೆಳುವಾದ ಹಾಳೆ ನಾಲ್ಕೈದು ಪದರ ಪೆನ್ಸಿಲ್ ತಡೆದುಕೊಳ್ಳುವುದಿಲ್ಲ. 120ರಿಂದ 150 ಜಿಎಸ್‌ಎಂ ಇದ್ದು, ಮುಟ್ಟಿದರೆ ತುಸು ತರಿಯಾಗಿರುವ ಕಾಗದ ಒಳ್ಳೆಯದು, ಏಕೆಂದರೆ ಆ ತರಿಯೇ ಬಣ್ಣವನ್ನು ಹಿಡಿದುಕೊಳ್ಳುವುದು. ಸ್ಪಿರಿಟ್ ಆಧಾರಿತ ಮಾರ್ಕರ್‌ಗಳು ಎಂಥ ಹಾಳೆಯನ್ನೂ ತೂರಿಕೊಂಡು ಹಿಂಬದಿಗೆ ಇಳಿಯುತ್ತವೆ. ನಾನು ಮೊದಲು ಕೊಂಡ ಪುಸ್ತಕದಲ್ಲಿ ಹಾಳೆಯ ಎರಡೂ ಬದಿಗೆ ಚಿತ್ರಗಳಿದ್ದವು. ಅಡುಗೆಮನೆಯ ಕಪಾಟಿಗೆ ಹಾಕಿದ ಹಸಿರು ಮಾರ್ಕರ್ ಹಿಂಬದಿಯ ಮಲಗುವ ಕೋಣೆಯ ಹಾಸಿಗೆಯ ಮೇಲೆ ಪಾಚಿಯಂತೆ ಮೂಡಿತ್ತು. ಒಂದೇ ಬದಿಗೆ ಮುದ್ರಿಸಿದ ಪುಸ್ತಕವನ್ನೇ ಆರಿಸಿಕೊಳ್ಳಿ. ಆದರೂ ಕೆಳಗೊಂದು ರಟ್ಟು ಇಡುವುದನ್ನು ಮರೆಯಬೇಡಿ.

ಬಣ್ಣದ ಪೆನ್ಸಿಲ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಪ್ರಿಸ್ಮಾಕಲರ್‌ನಂಥವು ಮೇಣದ ಪೆನ್ಸಿಲ್‌ಗಳು: ಮೆತ್ತಗೆ, ಬಣ್ಣಕ್ಕೆ ಬಣ್ಣ ಬೇಗ ಬೆರೆಯುತ್ತದೆ, ಆದರೆ ಒತ್ತಿ ಬಳಿದಲ್ಲಿ ಕೆಲವು ದಿನಗಳ ನಂತರ ಬಿಳಿಯ ಮಬ್ಬು ಏಳುತ್ತದೆ. ಫೇಬರ್ ಕ್ಯಾಸ್ಟೆಲ್‌ನ ಪಾಲಿಕ್ರೋಮೋಸ್‌ನಂಥವು ಎಣ್ಣೆ ಆಧಾರಿತ: ತುಸು ಗಟ್ಟಿ, ಮೊನೆ ಚೂಪಾಗಿ ನಿಲ್ಲುತ್ತದೆ, ಮಬ್ಬು ಏಳುವುದಿಲ್ಲ. ಗೋಡೆಗೆ ಮೊದಲನೆಯದು, ಕಂಬದ ಕೆತ್ತನೆಗೆ ಎರಡನೆಯದು ಎಂದು ಹಂಚಿಕೊಂಡರೆ ಅನುಕೂಲ. ಇಷ್ಟು ಖರ್ಚು ಬೇಡವೆನ್ನುವವರು ಮಕ್ಕಳ ಶಾಲಾ ಡಬ್ಬಿಯ 24 ಬಣ್ಣಗಳಲ್ಲೇ ಆರಂಭಿಸಬಹುದು. ಕೋಣೆಯ ಚಿತ್ರಕ್ಕೆ ಅಷ್ಟು ಬಣ್ಣಗಳೂ ಬೇಕಾಗುವುದಿಲ್ಲ.

ಬೆಳಕು ಎಲ್ಲಿಂದ?

ಪೆನ್ಸಿಲ್ ಎತ್ತಿಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ. ಗೋಡೆಗೆ ಯಾವ ಬಣ್ಣ ಎಂದು ಯೋಚಿಸುತ್ತ ಕೂರುವವರು ಬಹಳ, ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ನೋಡುವವರು ಕಡಿಮೆ. ಬೆಳಕಿನ ದಿಕ್ಕು ತೀರ್ಮಾನವಾಗಿದ್ದರೆ ಮೂರೇ ಬಣ್ಣದಲ್ಲೂ ಕೋಣೆ ನಿಲ್ಲುತ್ತದೆ. ತೀರ್ಮಾನವಾಗದಿದ್ದರೆ 72 ಬಣ್ಣಗಳಿದ್ದರೂ ಅದು ಚಪ್ಪಟೆ ಕಾಗದವೇ. ಹಾಳೆಯ ಅಂಚಿನಲ್ಲಿ ತೆಳುವಾಗಿ ಒಂದು ಬಾಣ ಬರೆದುಕೊಳ್ಳಿ. ನಮ್ಮ ತೊಟ್ಟಿಮನೆಯ ಪುಟದಲ್ಲಿ ಬೆಳಕು ಎಡಗಡೆ ಮೇಲಿನಿಂದ ಇಳಿಯುತ್ತದೆ. ಆದ್ದರಿಂದ ಕಂಬಗಳ ಎಡಮೈ ಬೆಳಗಿರುತ್ತದೆ, ಬಲಮೈ ಕತ್ತಲೆಗಿರುತ್ತದೆ, ಬೆಂಚಿನ ಅಡಿಭಾಗ ಮತ್ತು ಬಲಗಡೆಯ ಮೂಲೆ ಎಲ್ಲಕ್ಕಿಂತ ಗಾಢವಾಗಿರುತ್ತವೆ. ಜಂತೆಯ ಕೆಳಗೆ, ಅಂದರೆ ಮಾಡು ಇಳಿಜಾರಾಗಿ ಗೋಡೆಗೆ ಸೇರುವ ಕಡೆ, ನೆರಳು ಕಟ್ಟಿಕೊಂಡಿರುತ್ತದೆ. ವಿದೇಶದಿಂದ ಬಂದ ಪುಸ್ತಕಗಳಲ್ಲಿ ಪುಟಪುಟಕ್ಕೂ ಅಗ್ಗಿಷ್ಟಿಕೆ ಇರುತ್ತದೆ. ಅಲ್ಲಿ ಬೆಂಕಿಯ ಬೆಳಕು ನೆಲದ ಮಟ್ಟದಿಂದ ಏಳುವುದರಿಂದ ನೆರಳುಗಳು ಮೇಲಕ್ಕೆ ಚಾಚುತ್ತವೆ. ನಮ್ಮವರಿಗೆ ಇದು ಹೊಳೆಯದಿದ್ದರೆ ಆಶ್ಚರ್ಯವಿಲ್ಲ, ನಾವು ಕೋಣೆಯ ನಡುವೆ ಫ್ಯಾನು ನೋಡಿ ಬೆಳೆದವರು.

ಈಗ ತಿಳಿಬೂದು ಪೆನ್ಸಿಲ್ ಹಿಡಿದು ನೆರಳಿನ ಜಾಗಗಳನ್ನೆಲ್ಲ ಒಮ್ಮೆ ಹಗುರವಾಗಿ ತುಂಬಿ. ಬಣ್ಣ ಇದರ ಮೇಲೆ ಬರುತ್ತದೆ. ಬೂದಿಯ ಬದಲು ತಿಳಿನೇರಳೆ ಬಳಸಿದರೆ ನೆರಳು ಸತ್ತಂತೆ ಕಾಣದೆ ಜೀವ ಉಳಿಸಿಕೊಳ್ಳುತ್ತದೆ. ಕಪ್ಪು ಪೆನ್ಸಿಲ್ಲನ್ನು ಈ ಹಂತದಲ್ಲಿ ಡಬ್ಬಿಯಿಂದ ಹೊರಗೇ ತೆಗೆಯಬೇಡಿ.

ಚಿತ್ರದೊಳಗಿನ ಬೆಳಕಿನಷ್ಟೇ ನೀವು ಕುಳಿತಿರುವ ಕೋಣೆಯ ಬೆಳಕೂ ಮುಖ್ಯ. ಬೆಳಕು ಎಷ್ಟು ಹಳದಿ, ಎಷ್ಟು ಬಿಳಿ ಎಂಬುದನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ; ಹಳದಿ ಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್. ಅದರ ಕೆಳಗೆ ತಿಳಿಹಳದಿಗೂ ಬಿಳಿಗೂ ವ್ಯತ್ಯಾಸವೇ ತೋರುವುದಿಲ್ಲ. ರಾತ್ರಿ ಕೆನೆಬಣ್ಣವೆಂದು ನಂಬಿ ತುಂಬಿದ ಗೋಡೆ ಬೆಳಿಗ್ಗೆ ಎದ್ದು ನೋಡಿದರೆ ನಿಂಬೆಹಣ್ಣಾಗಿರುತ್ತದೆ. ಹಗಲಲ್ಲಿ ಕಿಟಕಿಯ ಬಳಿ ಕೂರುವುದು ಉತ್ತಮ; ರಾತ್ರಿಯಾದರೆ 5000 ಕೆಲ್ವಿನ್ ಆಸುಪಾಸಿನ ಬಿಳಿ ಎಲ್‌ಇಡಿ ದೀಪವನ್ನು ಬರೆಯುವ ಕೈಗೆ ಎದುರು ಬದಿಯಲ್ಲಿಡಿ. ಹಾಗಿಟ್ಟರೆ ಕೈಯ ನೆರಳು ಗೆರೆಯ ಮೇಲೆ ಬೀಳುವುದಿಲ್ಲ.

ಬಣ್ಣಗಳ ಹಂಚಿಕೆ

ಒಳಾಂಗಣ ವಿನ್ಯಾಸಕಾರರಲ್ಲಿ 60-30-10 ಎಂಬ ಲೆಕ್ಕವೊಂದು ರೂಢಿಯಲ್ಲಿದೆ: ಕೋಣೆಯ 60 ಭಾಗ ಒಂದು ಪ್ರಧಾನ ಬಣ್ಣ, 30 ಭಾಗ ಅದಕ್ಕೆ ಜೊತೆಯಾಗುವ ಬಣ್ಣ, ಉಳಿದ 10 ಭಾಗ ಕಣ್ಣು ಸೆಳೆಯುವ ಬಣ್ಣ. ಇದು ಶಾಸ್ತ್ರವೇನೂ ಅಲ್ಲ, ಆದರೆ ಪುಟಕ್ಕೆ ಚೆನ್ನಾಗಿ ಒಗ್ಗುತ್ತದೆ. ನಮ್ಮ ಚಿತ್ರದಲ್ಲಿ ಸುಣ್ಣದ ಗೋಡೆಯ ಕೆನೆಬಿಳಿ 60 ಭಾಗ, ನೆಲ ಮತ್ತು ಕಂಬದ ಕೆಂಗಂದು 30 ಭಾಗ, ಜಮಖಾನೆ ಮತ್ತು ದೀಪಕ್ಕೆ ಮಿಕ್ಕ 10. ಹೊಸಬರು ಮಾಡುವ ತಪ್ಪೆಂದರೆ ಎಲ್ಲ ವಸ್ತುಗಳಿಗೂ ಸಮನಾದ ಕಡುಬಣ್ಣ ಹಾಕುವುದು. ಆಗ ದಿಂಬು, ಪರದೆ, ಹೂಜಿ, ಗೋಡೆ ಎಲ್ಲವೂ ಒಟ್ಟಿಗೆ ಕೂಗಾಡತೊಡಗುತ್ತವೆ. ಪುಟದ ಬಹುಭಾಗ ಸುಮ್ಮನಿರಬೇಕು.

ಬಣ್ಣವನ್ನು ಒಂಟಿಯಾಗಿ ಪರೀಕ್ಷಿಸಿದರೆ ಸಾಲದು ಎಂಬುದಕ್ಕೆ ಹಳೆಯ ಪ್ರಸಂಗವೊಂದಿದೆ. ಪ್ಯಾರಿಸ್ಸಿನ ಗೋಬ್ಲಾ ಎಂಬಲ್ಲಿ ಗೋಡೆಗೆ ತೂಗುಹಾಕುವ ಚಿತ್ರಗಂಬಳಿಗಳನ್ನು ನೇಯುವ ಕಾರ್ಖಾನೆಯಿತ್ತು. ಅಲ್ಲಿನ ಬಣ್ಣಗಾರಿಕೆಯ ವಿಭಾಗಕ್ಕೆ ಮುಖ್ಯಸ್ಥನಾಗಿದ್ದ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರಲ್‌ನ ಬಳಿಗೆ, ಕಪ್ಪು ನೂಲು ಸರಿಯಾಗಿ ಕಪ್ಪಾಗಿಲ್ಲ ಎಂಬ ದೂರು ಬಂತು. ಪರೀಕ್ಷಿಸಿದಾಗ ನೂಲಿನ ಬಣ್ಣದಲ್ಲಿ ದೋಷವೇ ಇರಲಿಲ್ಲ. ಪಕ್ಕದಲ್ಲಿ ನೇಯ್ದಿದ್ದ ನೀಲಿ, ನೇರಳೆಗಳೇ ಕಪ್ಪನ್ನು ಪೇಲವವಾಗಿಸಿದ್ದವು. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸುವ ಈ ನಿಯಮದ ಮೇಲೆ ಆತ 1839ರಲ್ಲಿ ದೊಡ್ಡದೊಂದು ಗ್ರಂಥವನ್ನೇ ಪ್ರಕಟಿಸಿದ. ನಮ್ಮ ಕೆನೆಗೋಡೆಯೂ ಕೆಂಪು ನೆಲದ ಪಕ್ಕಕ್ಕೆ ಬಂದೊಡನೆ ತುಸು ಹಸಿರಿಗೆ ತಿರುಗಿದಂತೆ ಕಾಣುತ್ತದೆ. ಆದ್ದರಿಂದ ಬೇರೊಂದು ಹಾಳೆಯಲ್ಲಿ ಆರಿಸಿಕೊಂಡ ಬಣ್ಣಗಳನ್ನು, ಚಿತ್ರದಲ್ಲಿ ಅವು ತಾಗಿಕೊಳ್ಳುವ ಕ್ರಮದಲ್ಲೇ ಪಕ್ಕಪಕ್ಕಕ್ಕೆ ಬಳಿದು ನೋಡಿ. ಹಿಡಿಸಿದ ಮೇಲೆ ಪೆನ್ಸಿಲ್‌ಗಳ ಸಂಖ್ಯೆಗಳನ್ನು ಅದೇ ಹಾಳೆಯಲ್ಲಿ ಬರೆದಿಡಿ. ವಾರದ ನಂತರ ಉಳಿದರ್ಧ ಗೋಡೆ ತುಂಬಲು ಕೂತಾಗ ಯಾವ ಕಂದು ಎಂದು ತಡಕಾಡುವುದು ತಪ್ಪುತ್ತದೆ.

ಗೋಡೆ

ದೊಡ್ಡ ಬಯಲನ್ನು ಮೊದಲು ತುಂಬಬೇಕು, ಸಣ್ಣ ವಸ್ತುಗಳನ್ನು ಆಮೇಲೆ. ಕಡುಬಣ್ಣದ ಬೆಂಚನ್ನು ಮುಗಿಸಿ ಗೋಡೆಗೆ ಬಂದರೆ ಅಂಗೈ ಆ ಕಂದನ್ನು ಗೋಡೆಗೆಲ್ಲ ಎಳೆಯುತ್ತದೆ. ಮೊನೆ ಮೊಂಡಾದ ಪೆನ್ಸಿಲ್ಲನ್ನು ಹಿಂದಕ್ಕೆ ಹಿಡಿದು, ಕಾಗದಕ್ಕೆ ಬಹುತೇಕ ಒರಗಿಸಿ, ಸಣ್ಣ ಸಣ್ಣ ಸುತ್ತುಗಳಲ್ಲಿ ಒತ್ತದೆ ತುಂಬುತ್ತ ಹೋಗಿ. ಉದ್ದುದ್ದ ಗೀಚಿದರೆ ಗೆರೆಗಳು ಕೊನೆಯವರೆಗೂ ಕಾಣುತ್ತವೆ. ಒಂದು ಪದರ ಮುಗಿದ ಮೇಲೆ ಹಾಳೆಯನ್ನು ತಿರುಗಿಸಿ ಇನ್ನೊಂದು, ಮತ್ತೆ ತಿರುಗಿಸಿ ಮೂರನೆಯದು. ಇನ್ನೂ ಸುಲಭದ ದಾರಿಯೆಂದರೆ ಪೆನ್ಸಿಲ್‌ನ ಬಣ್ಣದ ಕಡ್ಡಿಯನ್ನು ಬ್ಲೇಡಿನಿಂದ ಹೆರೆದು ಪುಡಿ ಮಾಡಿ, ಹತ್ತಿಯ ಉಂಡೆಯಿಂದ ಗೋಡೆಯ ಮೇಲೆ ಉಜ್ಜುವುದು. ಗಡಿ ದಾಟಿದ್ದನ್ನು ರಬ್ಬರಿನಿಂದ ತೆಗೆಯಬಹುದು. ಗೋಡೆಯನ್ನು ಒಂದೇ ಸಮನೆ ತುಂಬಬೇಡಿ. ತೊಟ್ಟಿಯ ಹತ್ತಿರದ ಭಾಗ ಹೆಚ್ಚುಕಡಿಮೆ ಬರೀ ಕಾಗದವಾಗಿಯೇ ಉಳಿಯಲಿ, ದೂರ ಸರಿದಂತೆ ಕೆನೆ, ಮೂಲೆಗೆ ಬರುವ ಹೊತ್ತಿಗೆ ಕೆನೆಯ ಮೇಲೆ ನೇರಳೆಯ ಛಾಯೆ.

ನೆಲ, ಮರ, ಹಿತ್ತಾಳೆ

ರೆಡ್ ಆಕ್ಸೈಡ್ ನೆಲ ಬರೀ ಕೆಂಪಲ್ಲ. ಸಿಮೆಂಟಿಗೆ ಕಬ್ಬಿಣದ ಆಕ್ಸೈಡ್ ಬೆರೆಸಿ, ಕರಣೆಯಿಂದ ತೀಡಿ ತೀಡಿ ನುಣುಪು ಮಾಡಿದ ನೆಲವದು; ವರ್ಷಗಟ್ಟಲೆ ಒರೆಸಿ, ನಡೆದು ಕನ್ನಡಿಯಂತಾಗಿರುತ್ತದೆ. ಮೊದಲು ಕಿತ್ತಳೆಯ ತೆಳು ಪದರ, ಅದರ ಮೇಲೆ ಇಟ್ಟಿಗೆ ಕೆಂಪು, ಗೋಡೆಯ ಬುಡದಲ್ಲಿ ಕಡುಗಂದು. ಇಷ್ಟರಲ್ಲಿ ನೆಲವೇನೋ ಬರುತ್ತದೆ, ಹೊಳಪು ಬರುವುದಿಲ್ಲ. ಹೊಳಪಿಗೆ ಬೇಕಾದದ್ದು ಪ್ರತಿಬಿಂಬ. ನೆರಳಿಗೂ ಪ್ರತಿಬಿಂಬಕ್ಕೂ ಇರುವ ಭೇದ ಇಲ್ಲಿ ನೆನಪಿರಬೇಕು: ನೆರಳು ಬೆಳಕಿಗೆ ವಿರುದ್ಧ ದಿಕ್ಕಿಗೆ ಓರೆಯಾಗಿ ಮಲಗುತ್ತದೆ, ಪ್ರತಿಬಿಂಬವಾದರೋ ವಸ್ತುವಿನ ಬುಡದಿಂದ ನೇರವಾಗಿ ಕೆಳಕ್ಕೆ ಇಳಿಯುತ್ತದೆ. ಆದ್ದರಿಂದ ಪ್ರತಿ ಕಂಬದ ಬುಡದಿಂದ ಹಾಳೆಯ ಕೆಳಗಿನಂಚಿನ ಕಡೆಗೆ ಕಂದಿನ ಲಂಬ ಗೀಟುಗಳನ್ನು ಎಳೆಯಿರಿ, ಇಳಿದಂತೆ ಮಸುಕಾಗಿಸಿ. ತೊಟ್ಟಿಯ ಬೆಳಕು ನೆಲದಲ್ಲಿ ಮಿನುಗುವ ಜಾಗದಲ್ಲಿ ಕಾಗದದ ಬಿಳಿಯನ್ನೇ ಒಂದು ಪಟ್ಟಿಯಾಗಿ ಬಿಟ್ಟು, ಅಂಚನ್ನು ಕಿತ್ತಳೆಯಿಂದ ಮೆದುವಾಗಿಸಿ. ಹತ್ತು ನಿಮಿಷದ ಕೆಲಸ, ಆದರೆ ಇಡೀ ಪುಟದಲ್ಲಿ ನೋಡಿದವರು ಮೊದಲು ಬೆರಳಿಟ್ಟು ತೋರಿಸುವುದು ಇದನ್ನೇ.

ಮರಕ್ಕೆ ಕಂದು ಎಂಬುದು ಮಕ್ಕಳ ಪಾಠ. ತೇಗಕ್ಕೆ ಹೊಂಬಣ್ಣ ಬೆರೆತ ಕಂದು, ಬೀಟೆಗೆ ನೇರಳೆ ಸುಳಿಯುವ ಕಡುಗಂದು ಮತ್ತು ಕಪ್ಪು ಗೀರುಗಳು; ಹಲಸಿನ ಮರ ಹೊಸದರಲ್ಲಿ ಹಳದಿಯಾಗಿದ್ದು ವಯಸ್ಸಾದಂತೆ ಕಂದಾಗುತ್ತದೆ. ಯಾವ ಮರವಾದರೂ ಮೊದಲ ಪದರ ಓಕರ್ ಹಳದಿಯೇ, ಅಂದರೆ ಮಣ್ಣಿನ ಹಳದಿಯೇ ಇರಲಿ. ಅದರ ಮೇಲೆ ಚೂಪಾದ ಮೊನೆಯಿಂದ ಮರದ ಉದ್ದಕ್ಕೆ ಎಳೆಗಳನ್ನು ಬಿಡಿಸಿ: ಕಂಬದಲ್ಲಿ ಮೇಲಿಂದ ಕೆಳಕ್ಕೆ, ಬೆಂಚಿನ ಹಲಗೆಯಲ್ಲಿ ಅಡ್ಡಲಾಗಿ. ಎಳೆಗಳೆಲ್ಲ ಸಮಾನಾಂತರವಾಗಿದ್ದರೆ ಸನ್‌ಮೈಕಾ ಅಂಟಿಸಿದಂತೆ ಕಾಣುತ್ತದೆ. ಅಲ್ಲಲ್ಲಿ ಒಂದು ಗಂಟು, ಅದನ್ನು ಬಳಸಿಕೊಂಡು ಹೋಗುವ ಎರಡು ಎಳೆ ಇದ್ದರೆ ಸಾಕು.

ಹಿತ್ತಾಳೆಯ ದೀಪಕ್ಕೆ ಹಳದಿ ಬಳಿದರೆ ಅದು ಪ್ಲಾಸ್ಟಿಕ್ಕಾಗುತ್ತದೆ. ಲೋಹದ ಗುರುತು ಹಳದಿಯಲ್ಲ, ಅತಿ ಕಪ್ಪು ಮತ್ತು ಅತಿ ಬಿಳಿ ಒತ್ತೊತ್ತಾಗಿ ಇರುವುದು. ದೀಪದ ಕಾಂಡದಲ್ಲಿ ಎಡಕ್ಕೆ ಕೂದಲೆಳೆಯಷ್ಟು ಬಿಳಿ ಬಿಟ್ಟು, ಅದಕ್ಕೆ ತಾಗಿದಂತೆಯೇ ಕಡುಗಂದಿನ ಗೀಟು ಎಳೆದು, ಆಮೇಲೆ ಓಕರ್ ಮತ್ತು ಹಳದಿ ತುಂಬಿ. ಬಲಗಡೆಯ ಅಂಚಿನಲ್ಲಿ ನೆಲದ ಕೆಂಪನ್ನು ಒಂದಿಷ್ಟು ಸೇರಿಸಿದರೆ ದೀಪ ಆ ಕೋಣೆಯಲ್ಲೇ ಇದೆ ಎನಿಸುತ್ತದೆ.

ಜಮಖಾನೆಯಲ್ಲಿ ನಿಮ್ಮಿಷ್ಟ. ನವಲಗುಂದದ ಜಮಖಾನೆಗಳಲ್ಲಿರುವಂತೆ ನವಿಲನ್ನೋ ಚೌಕುಳಿಯನ್ನೋ ಗಟ್ಟಿ ಬಣ್ಣಗಳಲ್ಲಿ ತುಂಬಬಹುದು. ಆ 10 ಭಾಗದ ಸ್ವಾತಂತ್ರ್ಯ ಇರುವುದು ಇದಕ್ಕೇ.

ತಾಳೆ ನೋಡುವುದು

ಮುಕ್ಕಾಲು ಭಾಗ ಮುಗಿದಾಗ ಪುಟದ ಫೋಟೊ ತೆಗೆದು, ಮೊಬೈಲಿನಲ್ಲೇ ಅದನ್ನು ಕಪ್ಪುಬಿಳುಪಾಗಿಸಿ ನೋಡಿ. ಗೋಡೆ, ನೆಲ, ಕಂಬ ಮೂರೂ ಒಂದೇ ಬೂದಿಯಾಗಿ ಕಲಸಿಹೋಗಿದ್ದರೆ ಬಣ್ಣ ಬೇರೆ ಬೇರೆಯಾಗಿದ್ದರೂ ಗಾಢತೆ ಬೇರೆಯಾಗಿಲ್ಲ ಎಂದರ್ಥ. ಆಗ ಬೆಂಚಿನಡಿಯ ಕತ್ತಲೆ, ಕಂಬದ ಬಲಮೈ, ಜಂತೆಯ ಸಂದು ಇವನ್ನು ಇನ್ನೊಂದು ಪದರ ಗಾಢಗೊಳಿಸಿ. ಕಪ್ಪು ಪೆನ್ಸಿಲ್‌ಗೆ ಅನುಮತಿ ಈಗ, ಅದೂ ಕಡುನೀಲಿಯ ಮೇಲೆ ತುಸು. ಕೊನೆಗೆ ಬಿಳಿ ಜೆಲ್ ಪೆನ್ನಿನಿಂದ ದೀಪಕ್ಕೆ ಒಂದು ಚುಕ್ಕೆ, ತೊಟ್ಟಿಯ ಅಂಚಿಗೊಂದು ಗೆರೆ. ಮೇಣದ ಮಬ್ಬು ಎದ್ದರೆ ಮೆತ್ತನೆಯ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಹೋಗುತ್ತದೆ.

ಎರಡು ಮೂರು ಪುಟ ಕೈಗೆ ಹತ್ತಿದ ಮೇಲೆ ಪುಸ್ತಕವೇ ಬೇಕೆಂದಿಲ್ಲ. ನಿಮ್ಮದೇ ಪಡಸಾಲೆಯ ಫೋಟೊವನ್ನು ಬಾಗಿಲಲ್ಲಿ ನಿಂತು ತೆಗೆದು, ಮಸುಕಾಗಿ ಮುದ್ರಿಸಿ, ಹಗಲು ಕಿಟಕಿಯ ಗಾಜಿಗೆ ಅಂಟಿಸಿ, ಮೇಲೊಂದು ಹಾಳೆ ಇಟ್ಟು ನೀರಿಗೆ ಕರಗದ 0.3 ಮಿ.ಮೀ. ಪೆನ್ನಿನಿಂದ ಮುಖ್ಯ ಗೆರೆಗಳನ್ನಷ್ಟೇ ತೆಗೆದುಕೊಳ್ಳಿ. ಟಿವಿಯ ವೈರು, ಚಪ್ಪಲಿ ಸ್ಟ್ಯಾಂಡು, ಸೋಫಾದ ಮೇಲಿನ ಒಣಬಟ್ಟೆಯ ರಾಶಿ ಬಿಟ್ಟರೂ ನಡೆಯುತ್ತದೆ. ಅದನ್ನು ದಪ್ಪ ಹಾಳೆಯಲ್ಲಿ ನಾಲ್ಕು ಪ್ರತಿ ಜೆರಾಕ್ಸ್ ಮಾಡಿಸಿ, ಒಂದೊಂದರಲ್ಲಿ ಗೋಡೆಗೆ ಒಂದೊಂದು ಬಣ್ಣ ಹಾಕಿ ಸಾಲಾಗಿ ಫ್ರಿಜ್ಜಿಗೆ ಅಂಟಿಸಿ. ಮನೆಗೆ ಪೇಂಟ್ ಮಾಡಿಸುವ ವರ್ಷವಾದರಂತೂ, ಪೇಂಟರು ಶೇಡ್ ಕಾರ್ಡ್ ಹಿಡಿದು ಬರುವ ಹೊತ್ತಿಗೆ ಮನೆಮಂದಿಯ ಜಗಳವೆಲ್ಲ ಆ ನಾಲ್ಕು ಹಾಳೆಗಳ ಮುಂದೆಯೇ ಮುಗಿದಿರುತ್ತದೆ.